ಅಲ್ಲಾಡಿದ ಚಿತ್ರ, ಕಾದು ಪಡೆದ ಬೆಳಕು

ನಮ್ಮೂರುಗಳ ಫೋಟೋ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಮಾತು ‘ಅಲ್ಲಾಡಬೇಡಿ’. ಮದುವೆಯ ಜೋಡಿಯಾಗಲಿ, ಅಜ್ಜಿಯ ತೊಡೆಯ ಮೇಲಿನ ಕೂಸಾಗಲಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವನಿಂದ ಮೊದಲು ಕೇಳುತ್ತಿದ್ದದ್ದು ಇದನ್ನೇ. ಗಾಜಿನ ಪ್ಲೇಟುಗಳ ಕಾಲದಲ್ಲಿ ಬೆಳಕು ಹಿಡಿಯಲು ಸೆಕೆಂಡುಗಟ್ಟಲೆ ಬೇಕಿತ್ತು. ಕತ್ತು ತಿರುಗದಿರಲೆಂದು ಕುರ್ಚಿಯ ಹಿಂದೆ ಕಬ್ಬಿಣದ ಕವೆಗೋಲು ನಿಲ್ಲಿಸಿ ತಲೆಗೆ ಆನಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಹಿರಿಯರೆಲ್ಲ ಕೋಪಿಸಿಕೊಂಡವರಂತೆ ಕಾಣಲು ಅರ್ಧ ಕಾರಣ ಇದು. ಅಷ್ಟೆಲ್ಲ ಮಾಡಿಯೂ ಯಾರಾದರೂ ಮಿಸುಕಿದರೆ ‘ಶೇಕ್ ಆಗಿದೆ’ ಎಂಬ ತೀರ್ಪು, ಪ್ರಿಂಟು ಕಸದ ಬುಟ್ಟಿಗೆ.

ತಮಾಷೆಯೆಂದರೆ, ಸ್ಟುಡಿಯೋ ಕಸಕ್ಕೆ ಹಾಕಿದ ಆ ಮಸುಕಿನ ಮೇಲೆಯೇ ಸಿನಿಮಾ ನಿಂತಿದೆ. ಸೆಕೆಂಡಿಗೆ 24 ಚೌಕಟ್ಟು ಓಡುವ ಕ್ಯಾಮೆರಾದಲ್ಲಿ ಒಂದೊಂದು ಚೌಕಟ್ಟಿಗೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೀಳುತ್ತದೆ. ಓಡುವ ಕುದುರೆಯ ಕಾಲು ಅಷ್ಟರಲ್ಲಿ ಒಂದಿಷ್ಟು ದೂರ ಸರಿದಿರುತ್ತದೆ. ಹಾಗಾಗಿ ರೀಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಓಟದ ದೃಶ್ಯದ ಒಂದೊಂದು ಚಿತ್ರವೂ ಅಲ್ಲಾಡಿದ ಚಿತ್ರವೇ. ಎಲ್ಲವನ್ನೂ ಚೂಪಾಗಿ ಹಿಡಿದರೆ ಪರದೆಯ ಮೇಲೆ ಓಟ ತೊದಲುತ್ತದೆ. ಈ ಸಂಗತಿಯನ್ನು ಕ್ಯಾಮೆರಾ ಹಿಡಿದವರು ಬೇಗ ಕಲಿತರು. ಬೇಕೆಂದೇ ಅಲ್ಲಾಡಿಸಬಹುದು, ಬೇಕೆಂದೇ ಬೆಳಕನ್ನು ಬಗ್ಗಿಸಬಹುದು ಎಂಬ ಧೈರ್ಯ ಬರಲು ಇನ್ನಷ್ಟು ಕಾಲ ಹಿಡಿಯಿತು. ಅದರ ಕೆಲವು ದೊಡ್ಡ ಅಧ್ಯಾಯಗಳು ನಡೆದದ್ದು ಬೆಂಗಳೂರಿನಿಂದ ಐವತ್ತು ಕಿಲೋಮೀಟರಿನ ಆಚೀಚೆ, ರಾಮನಗರ ಸೀಮೆಯ ಬಂಡೆಗಳ ನಡುವೆ.

ಈ ಬಂಡೆಗಳದ್ದೇ ಒಂದು ಕಥೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರು ಬಿಟ್ಟಿತು, ಭೂವಿಜ್ಞಾನಿಗಳು ಬಿಡಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿಯ ಕಲ್ಲು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. ಬೂದು ಮತ್ತು ನಸುಗೆಂಪು ಬೆರೆತ, ಮೈಮೇಲೆ ಮರವಿಲ್ಲದ ಬೋಳುಗುಡ್ಡಗಳಾದ್ದರಿಂದ ಬೆಳಕು ತುಸು ಬದಲಾದರೂ ಗುಡ್ಡದ ಬಣ್ಣವೇ ಬದಲಾಗುತ್ತದೆ. ನಡುಮಧ್ಯಾಹ್ನ ಚಪ್ಪಟೆ ಗೋಡೆಯಂತಿದ್ದ ಸಾವನದುರ್ಗ ಸಂಜೆ ಐದೂವರೆಗೆ ಮಡಿಕೆ ಮಡಿಕೆಯಾಗಿ ಎದ್ದು ಬರುತ್ತದೆ.

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲೂ ಇದೇ ಪಾಠ ಸಿಗುತ್ತದೆ. ಹಿರಿಯ ಕೆಂಪೇಗೌಡರ ಸಮಾಧಿ ಇಲ್ಲಿದೆ ಎಂದು ನಾಡಿಗೆ ಗೊತ್ತಾದದ್ದು 2015ರಲ್ಲಿ, ಅಲ್ಲಿಯ ಗೋಪುರದ ಮೇಲಿದ್ದ ಶಾಸನದ ಅಕ್ಷರಗಳಿಂದ. ಸವೆದ ಶಾಸನ ಓದಿ ಅಭ್ಯಾಸವಿರುವ ಯಾರನ್ನೇ ಕೇಳಿ, ನೆತ್ತಿಯ ಬಿಸಿಲಲ್ಲಿ ಕಲ್ಲು ಬಾಯಿ ಬಿಡುವುದಿಲ್ಲ ಎನ್ನುತ್ತಾರೆ. ಬೆಳಗಿನ ಓರೆ ಬಿಸಿಲಿಗೆ ಕಾಯಬೇಕು, ಇಲ್ಲವೇ ರಾತ್ರಿ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ನಿಧಾನ ಸರಿಸಬೇಕು. ಆಗ ಗೀರಿನೊಳಗೆ ನೆರಳು ತುಂಬಿ ಅಕ್ಷರ ಏಳುತ್ತದೆ. ಛಾಯಾಗ್ರಾಹಕ ಮುಖದ ಮೇಲೆ ಮಾಡುವ ಕೆಲಸವೂ ಇದೇ.

ಬೆಳಕನ್ನು ಹೀಗೆ ಸರಿಸುವುದನ್ನು ಕಸುಬಾಗಿ ಕಲಿಸಿದ ಶಾಲೆಯೂ ಹತ್ತಿರದಲ್ಲೇ ಇತ್ತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಶುರುವಾಯಿತು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಆಗ ಕನಸೂ ಆಗಿರಲಿಲ್ಲ. ಮೊದಲ ತಂಡದಲ್ಲೇ ಸೇರಿದವರು ಮೈಸೂರಿನ ವಿ.ಕೆ. ಮೂರ್ತಿ. ಪಿಟೀಲು ಬಲ್ಲ ಈ ತರುಣ ಮುಂಬಯಿಗೆ ಹೋಗಿ, ‘ಬಾಜಿ’ ಚಿತ್ರದಲ್ಲಿ ಸಹಾಯಕರಾಗಿ ನಿರ್ದೇಶಕ ಗುರುದತ್ತರ ಕಣ್ಣಿಗೆ ಬಿದ್ದು, ‘ಜಾಲ್’ನಿಂದ ಅವರ ಛಾಯಾಗ್ರಾಹಕರಾದರು.

1959ರ ‘ಕಾಗಜ್ ಕೆ ಫೂಲ್’ನಲ್ಲಿ ಮೂರ್ತಿ ಮಾಡಿದ್ದು ಈಗ ಪಾಠದ ವಿಷಯ. ಖಾಲಿ ಸ್ಟುಡಿಯೋ, ಗೀತಾ ದತ್ ದನಿಯ ಹಾಡು, ಮೇಲಿನಿಂದ ಇಳಿದು ನೆಲಕ್ಕೆ ಕುತ್ತಿದ ಕಂಬದಂಥ ಬೆಳಕು. ಸ್ಟುಡಿಯೋದ ದೀಪಗಳಿಂದ ಅಂಥ ನೇರ ಕಿರಣ ಬರುತ್ತಿರಲಿಲ್ಲ. ಅವುಗಳ ಬೆಳಕು ಹರಡಿಕೊಳ್ಳುತ್ತದೆ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗೆ ಬಿಸಿಲು ಹಿಡಿದು ಒಳಗೆ ಕಳಿಸಿತು, ಇನ್ನೊಂದು ಅದನ್ನು ಕೆಳಕ್ಕೆ ತಿರುಗಿಸಿತು. ಕಿರಣ ಕಣ್ಣಿಗೆ ಕಾಣಲು ಒಂದಿಷ್ಟು ಹೊಗೆ. ಬೆಳಕು ತಾನಾಗಿ ಕಾಣುವುದಿಲ್ಲ, ಅದಕ್ಕೆ ಅಡ್ಡ ಬರಲು ಧೂಳೋ ಹೊಗೆಯೋ ಬೇಕು. ದನಗಳು ಹಟ್ಟಿಗೆ ಮರಳುವ ಹೊತ್ತಿಗೆ ನಮ್ಮ ಹಿರಿಯರು ‘ಗೋಧೂಳಿ’ ಎಂದು ಹೆಸರಿಟ್ಟದ್ದು ನೋಡಿದರೆ ಈ ಭೌತಶಾಸ್ತ್ರ ಅವರಿಗೆ ಹೊಸದಾಗಿರಲಿಲ್ಲ. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಅಂದರೆ ಆ ದೃಶ್ಯದ ಹಿಂದೆ ಕನ್ನಡಿ ಹಿಡಿದು ಬೆವರಿದ ಕೈಗಳೂ ಇದ್ದವು, ಅವುಗಳ ಹೆಸರು ಟೈಟಲ್ ಕಾರ್ಡಿನಲ್ಲಿ ಬರುವಂಥದ್ದಲ್ಲ. ಮೂರ್ತಿಯವರಿಗೆ ಆ ಚಿತ್ರಕ್ಕೆ ಫಿಲಂಫೇರ್ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕನ್ನಡದಲ್ಲಿ ಅವರು ಕ್ಯಾಮೆರಾ ಹಿಡಿದದ್ದು ತೀರಾ ತಡವಾಗಿ, 1993ರ ‘ಹೂವು ಹಣ್ಣು’ ಚಿತ್ರಕ್ಕೆ. ನಾವು ಕರೆದದ್ದೇ ತಡವಾಗಿ ಎನ್ನಬೇಕು.

ಮೂರ್ತಿ ಬೆಳಕನ್ನು ಒಳಗೆ ಎಳೆದು ತಂದರು. ರಾಮನಗರದಲ್ಲಿ ಅದನ್ನು ಕಾದು ಕೂರಬೇಕಾಯಿತು. ‘ಶೋಲೆ’ಯ ಚಿತ್ರೀಕರಣ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ. ರಾಮದೇವರ ಬೆಟ್ಟದ ಬುಡದಲ್ಲಿ ಕಲಾ ನಿರ್ದೇಶಕ ರಾಮ್ ಯೇಡೇಕರ್ ಒಂದು ಇಡೀ ಹಳ್ಳಿ ಕಟ್ಟಿಸಿದರು, ಹೆದ್ದಾರಿಯಿಂದ ಅಲ್ಲಿಗೆ ದಾರಿಯಾಯಿತು, ಆ ಜಾಗಕ್ಕೆ ‘ಸಿಪ್ಪಿ ನಗರ’ ಎಂಬ ಹೆಸರೂ ಕೆಲಕಾಲ ಅಂಟಿಕೊಂಡಿತು. ಗಬ್ಬರನ ಮಾತುಗಳು ಎಲ್ಲರಿಗೂ ಬಾಯಿಪಾಠ. ಆದರೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಇಲ್ಲಿ ಪಟ್ಟ ಪಾಡು ಅದಕ್ಕಿಂತ ಕುತೂಹಲದ್ದು.

ವಿಧವೆ ರಾಧಾ ಜಗಲಿಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ, ಕೆಳಗೆ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಪರದೆಯ ಮೇಲೆ ಒಂದೆರಡು ನಿಮಿಷದ ಮಾತಿಲ್ಲದ ದೃಶ್ಯ. ಇದನ್ನು ಮುಸ್ಸಂಜೆಯಲ್ಲೇ ತೆಗೆಯಬೇಕೆಂದು ದಿವೇಚಾ ಮತ್ತು ನಿರ್ದೇಶಕ ರಮೇಶ್ ಸಿಪ್ಪಿ ಪಟ್ಟು ಹಿಡಿದರು. ಹೊತ್ತು ಮುಳುಗಿರಬೇಕು, ಕತ್ತಲಾಗಿರಬಾರದು. ದೀಪದ ಬೆಳಕೂ ಆಕಾಶದ ಬೆಳಕೂ ಸಮತೂಕಕ್ಕೆ ಬರುವ ಆ ಗಳಿಗೆ ದಿನಕ್ಕೆ ಕೆಲವೇ ನಿಮಿಷ. ದಿನವಿಡೀ ಅಣಿ ಮಾಡಿಕೊಂಡು ಸಂಜೆ ಒಂದೋ ಎರಡೋ ಶಾಟ್. ಅಷ್ಟರಲ್ಲಿ ಯಾರಾದರೂ ತಪ್ಪಿದರೆ ಮತ್ತೆ ನಾಳೆ. ಆ ದೃಶ್ಯಕ್ಕೆ ಹಿಡಿದದ್ದು 20 ದಿನ.

ಠಾಕೂರನ ಮನೆಯವರ ಕೊಲೆಯ ದೃಶ್ಯದ್ದು ಇದಕ್ಕೆ ತಿರುಗುಮುರುಗು. ಬಿಸಿಲಲ್ಲಿ ಶುರುವಾಯಿತು, ನಡುವೆ ಮೋಡ ಕವಿಯಿತು. ಸಾವಿನ ಮನೆಗೆ ಮೋಡವೇ ಸರಿ ಎಂದು ಅವರಿಗೆ ಹೊಳೆಯಿತು. ಆಮೇಲೆ ಮೋಡಕ್ಕೆ ಕಾಯುವ ಕೆಲಸ. ಬೆಂಗಳೂರಿನ ಸುತ್ತಿನ ಮೋಡ ಯಾರ ಮಾತು ಕೇಳುತ್ತದೆ? ಅದಕ್ಕೆ 23 ದಿನ ಹೋಯಿತು. ರಾಮನಗರದವರು ಮಳೆಗೆ ಕಾದದ್ದು ಉಂಟು. ಮಳೆ ಸುರಿಸದ ಬರಿಯ ಮೋಡಕ್ಕಾಗಿ ದುಡ್ಡು ಸುರಿದು ಕಾದವರನ್ನು ಕಂಡದ್ದು ಆಗಲೇ ಇರಬೇಕು.

ಸುಮಾರು ಹತ್ತು ವರ್ಷಕ್ಕೆ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಬಂದರು. ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳ ದೃಶ್ಯಕ್ಕೆ ಕಥೆಗೆ ಮೂಲವಾದ ಬಿಹಾರದ ಗುಹೆಗಳು ಅವರಿಗೆ ಹಿಡಿಸಲಿಲ್ಲ. ಸಾವನದುರ್ಗ, ರಾಮದೇವರ ಬೆಟ್ಟಗಳ ಬೋಳು ಕಲ್ಲು ಹಿಡಿಸಿತು. ಚಿತ್ರ 1984ರಲ್ಲಿ ತೆರೆ ಕಂಡಿತು; ಛಾಯಾಗ್ರಹಣ ಅರ್ನೆಸ್ಟ್ ಡೇ ಅವರದು. ಕಣ್ಣು ಕುಕ್ಕುವ ಬಿಸಿಲು, ಅದರ ಪಕ್ಕದಲ್ಲೇ ಗವಿಯ ಬಾಯಿಯ ಕಗ್ಗತ್ತಲು, ಇವೆರಡರ ಜಗಳವೇ ಅಲ್ಲಿ ಕಥೆಗೆ ಭಯ ತುಂಬುತ್ತದೆ. ಗಬ್ಬರನ ಬಂಡೆಗಳೇ ಬೇರೆ ಬೆಳಕಿನಲ್ಲಿ ಬೇರೆ ದೇಶದಂತೆ ಕಂಡವು.

ಇನ್ನು ಅಲ್ಲಾಡಿಸುವ ಮಾತು. 1911ರಷ್ಟು ಹಿಂದೆಯೇ ಇಟಲಿಯ ಬ್ರಗಾಲಿಯಾ ಸಹೋದರರು ಶಟರ್ ತೆರೆದಿಟ್ಟು ಕೈಬೀಸಿನ ಗೆರೆಗಳನ್ನು ಹಿಡಿದಿದ್ದರು. 1949ರಲ್ಲಿ ಪಿಕಾಸೊ ಕತ್ತಲ ಕೋಣೆಯಲ್ಲಿ ಸಣ್ಣ ದೀಪ ಹಿಡಿದು ಗಾಳಿಯಲ್ಲಿ ಬರೆದದ್ದನ್ನು ಜ್ಯೋನ್ ಮಿಲಿ ಕ್ಯಾಮೆರಾದಲ್ಲಿ ಉಳಿಸಿಕೊಂಡರು. 1950ರ ದಶಕದಲ್ಲಿ ಅರ್ನ್‌ಸ್ಟ್ ಹಾಸ್ ಸ್ಪೇನಿನ ಗೂಳಿ ಕಾಳಗದ ಬಣ್ಣದ ಚಿತ್ರ ತೆಗೆಯುವಾಗ ನಿಧಾನದ ಶಟರಿಟ್ಟು ಗೂಳಿಯ ಜತೆಗೆ ಕ್ಯಾಮೆರಾವನ್ನೂ ತಿರುಗಿಸಿದರು. ಆಗಿನ ಬಣ್ಣದ ಫಿಲ್ಮಿಗೆ ಬೆಳಕು ಬಹಳ ಬೇಕಿತ್ತು, ಆ ಕೊರತೆಯನ್ನೇ ಅವರು ಶೈಲಿ ಮಾಡಿಕೊಂಡರು. ಕನ್ನಡದಲ್ಲಿ ಕಾಲವನ್ನು ಹಿಗ್ಗಿಸಿ ನೋಡಿದವರು ಪುಟ್ಟಣ್ಣ ಕಣಗಾಲ್. 1972ರ ‘ನಾಗರಹಾವು’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ದನಿಯ ರಾಮಾಚಾರಿ–ಅಲಮೇಲು ಹಾಡನ್ನು ಛಾಯಾಗ್ರಾಹಕ ಚಿಟ್ಟಿಬಾಬು ಸ್ಲೋ ಮೋಷನ್ನಿನಲ್ಲಿ ತೆಗೆದರು. ಭಾರತದಲ್ಲೇ ಅಂಥ ಹಾಡು ಅದೇ ಮೊದಲು ಎನ್ನುವವರಿದ್ದಾರೆ. ನಿಧಾನ ಕಾಣಲು ಫಿಲ್ಮು ಕ್ಯಾಮೆರಾದೊಳಗೆ ವೇಗವಾಗಿ ಓಡಬೇಕೆಂಬುದು ಈ ವಿದ್ಯೆಯ ವಿಚಿತ್ರ.

ಕ್ಯಾಮೆರಾ ಅಲ್ಲಾಡಿಸಿ ಚಿತ್ರ ಬರೆಯುವುದು ಹೇಗೆಂದು ತಿಳಿಯಲು ಚನ್ನಪಟ್ಟಣದ ಗೊಂಬೆ ಮನೆಗಿಂತ ಒಳ್ಳೆಯ ಜಾಗ ಸಿಗದು. ಲೇತಿಗೆ ಸಿಕ್ಕಿಸಿದ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಒಂದು ಚುಕ್ಕೆ ಸುತ್ತಿ ಬಂದು ಪಟ್ಟಿಯಾಗುತ್ತದೆ. ಅರೆ ಸೆಕೆಂಡು ತೆರೆದಿಟ್ಟ ಶಟರಿನೊಳಗೆ ನಡೆಯುವುದೂ ಅಷ್ಟೇ: ದೀಪದ ಚುಕ್ಕೆ ಗೆರೆಯಾಗುತ್ತದೆ, ಗೆರೆ ಹರಡಿ ಬಣ್ಣವಾಗುತ್ತದೆ. ಈಗಿನ ಹುಡುಗ ಹುಡುಗಿಯರು ಜಾತ್ರೆಯ ರಾಟೆ ತೊಟ್ಟಿಲಿನ ಮುಂದೆ ನಿಂತು ಇದನ್ನು ಮಾಡುತ್ತಾರೆ. ಹಗಲಲ್ಲಾದರೆ ಐಎಸ್‌ಒ 100ಕ್ಕೆ ಇಳಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ತೆಂಗಿನ ತೋಟದಲ್ಲಿ ಕ್ಯಾಮೆರಾವನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಾರೆ. ಮರ ಉದ್ದಕ್ಕಿರುವುದರಿಂದ ಎಳೆತವೂ ಉದ್ದಕ್ಕೇ ಇದ್ದರೆ ಚೆಂದ. ಕೆರೆಯ ದಂಡೆಗೆ ಅಡ್ಡ ಎಳೆತ. ನೂರು ತೆಗೆದರೆ ಎರಡು ನಿಲ್ಲುತ್ತವೆ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ. ಮುನ್ನೂರ ನಲವತ್ತಾರು ಹೆಕ್ಟೇರಿನ ಆ ಜಾಗದಲ್ಲಿ ಇನ್ನು ಕ್ರೇನು, ಟ್ರಾಲಿಗಳ ಗದ್ದಲವಿಲ್ಲ. ಆದರೂ ಬೆಂಗಳೂರು–ಮೈಸೂರು ರೈಲಿನ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಹಳಿಯ ಪಕ್ಕದ ಗಿಡಗಳು ಹಸಿರು ಗೀರುಗಳಾಗಿ ಹಿಂದಕ್ಕೆ ಹರಿಯುತ್ತವೆ, ದೂರದ ಬಂಡೆ ಕದಲದೆ ನಿಂತಿರುತ್ತದೆ. ಮುಸ್ಸಂಜೆಯ ಗಾಡಿಯಲ್ಲಿ ಯಾರೋ ಮೊಬೈಲನ್ನು ಗಾಜಿಗೆ ಒತ್ತಿ ಹಿಡಿಯುತ್ತಾರೆ. ಬೆಳಕು ಸಾಲದೆಂದು ಫೋನು ತಾನೇ ರಾತ್ರಿಯ ಮೋಡ್‌ಗೆ ಹೋಗಿ ಪರದೆಯ ಮೇಲೆ ಸೂಚನೆ ಬರೆಯುತ್ತದೆ: ಅಲ್ಲಾಡಿಸಬೇಡಿ.