ಮದುವೆಯ ಭಾವಚಿತ್ರದಲ್ಲಿ ಬೆಳಕು: ಬಮ್ಮಿಗಟ್ಟಿ ಸೀಮೆಯನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಧಾರವಾಡ ಜಿಲ್ಲೆಯ ಹಳ್ಳಿಗಳ ಸಾಮಾಜಿಕ ಇತಿಹಾಸವನ್ನು ಬರೆಯಹೊರಟವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕಂದಾಯದ ಕಡತಗಳನ್ನೂ ಶ್ರದ್ಧೆಯಿಂದ ನೋಡುತ್ತಾರೆ. ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿದ ಇನ್ನೊಂದು ಆಧಾರವು ಅವರ ಕಣ್ಣಿಗೆ ಬೀಳುವುದು ವಿರಳ. ಅದೆಂದರೆ ಮದುವೆಯ ಹಾಗೂ ಮನೆತನದ ಹಿರಿಯರ ಭಾವಚಿತ್ರ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನ ಸಾಮಾನ್ಯ ಒಕ್ಕಲು ಮನೆತನಗಳಿಗೆ ಶಾಸನವಿಲ್ಲ, ಚರಿತ್ರೆಯ ಗ್ರಂಥವಿಲ್ಲ. ಅಜ್ಜ ಅಜ್ಜಿಯರ ಮುಖವು ಉಳಿದಿದ್ದರೆ ಅದು ಬಹುಶಃ ಈ ಚಿತ್ರಗಳಲ್ಲಿ ಮಾತ್ರ. ಆದಕಾರಣ ಇವನ್ನು ಓದುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳು ಕಲಿಯಬೇಕಾದುದು ಅವಶ್ಯವಾಗಿದೆ.

ಶಾಸನವನ್ನು ಓದುವವನು ಮೊದಲು ಲಿಪಿಯನ್ನೂ ಕಲ್ಲನ್ನೂ ಪರೀಕ್ಷಿಸುತ್ತಾನೆ. ಅದರಂತೆಯೇ ಭಾವಚಿತ್ರವನ್ನು ಓದುವವನು, ಬೆಳಕು ಯಾವ ಕಡೆಯಿಂದ ಬಂದಿತು, ಯಾವ ಸಾಧನದಿಂದ ಬಂದಿತು, ಆ ಬೆಳಕನ್ನು ಗ್ರಹಿಸಿದ ಫಲಕ ಎಂಥದು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು. ಇವಕ್ಕೆ ಉತ್ತರ ದೊರೆಯದೆ ಚಿತ್ರದಿಂದ ಸಾಮಾಜಿಕ ನಿರ್ಣಯಗಳನ್ನು ಮಾಡಹೋದರೆ ದಾರಿ ತಪ್ಪುವ ಸಂಭವ ಹೆಚ್ಚು. ಇದನ್ನು ಸೋದಾಹರಣವಾಗಿ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೂರ್ಯನೇ ದೀಪವಾಗಿದ್ದ ಕಾಲ

ಡಾಗೇರನ ವಿಧಾನವು ಪ್ಯಾರಿಸಿನಲ್ಲಿ ಪ್ರಕಟವಾದುದು 1839ರಲ್ಲಿ. ಮರುವರ್ಷವೇ ಅದರ ಸಲಕರಣೆಗಳು ಕಲಕತ್ತೆಗೆ ಬಂದವು. ಮುಂಬಯಿಯಲ್ಲಿ 1854ರಲ್ಲಿ ಛಾಯಾಚಿತ್ರ ಸಂಘವೊಂದು ಸ್ಥಾಪಿತವಾಯಿತು. ಆಗ ಧಾರವಾಡ ಸೀಮೆಯು ಮುಂಬಯಿ ಇಲಾಖೆಗೆ ಸೇರಿತ್ತಷ್ಟೆ. ಮುಂಬಯಿ ಸರಕಾರವು 1855ರಲ್ಲಿ ಸೇನಾಧಿಕಾರಿ ಬಿಗ್ಸ್‌ನನ್ನು ವಾಸ್ತುಗಳ ಚಿತ್ರ ತೆಗೆಯಲು ನೇಮಿಸಿತು. ಅವನ ತರುವಾಯ ಈ ಕೆಲಸವು ವೈದ್ಯನಾದ ಪಿಗೌನ ಪಾಲಿಗೆ ಬಂದಿತು. ಇವರಿಬ್ಬರ ಮತ್ತು ನೀಲ್ ಎಂಬವನ ಚಿತ್ರಗಳನ್ನೊಳಗೊಂಡು, ಮೆಡೋಸ್ ಟೇಲರ್ ಹಾಗೂ ಫರ್ಗ್ಯುಸನ್ನರ ಬರಹದೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಈ ಗ್ರಂಥದ ವಿಷಯವು ಗುಡಿಗಳೇ ಆದುದರಲ್ಲಿ ಆಶ್ಚರ್ಯವಿಲ್ಲ. ಅಂದಿನ ಫಲಕಗಳು ಬಹಳ ಮಂದ. ಪ್ರಖರ ಬಿಸಿಲಿನಲ್ಲಿಯೂ ಹಲವು ಸೆಕೆಂಡು ಕಾಯಬೇಕಾಗುತ್ತಿತ್ತು. ಕಲ್ಲಿನ ಕಂಬವು ಅಷ್ಟು ಹೊತ್ತು ಅಲುಗದೆ ನಿಂತೀತು, ಮದುಮಗಳು ನಿಲ್ಲಲಾರಳು. ಆರ್ಚರನ ಹಸಿ ಫಲಕವು 1851ರಲ್ಲಿಯೂ, ಮ್ಯಾಡಾಕ್ಸನ ಒಣ ಫಲಕವು 1871ರಲ್ಲಿಯೂ ಬಂದ ಮೇಲೆ ಈ ಕಾಲವು ಕ್ರಮೇಣ ಕಡಿಮೆಯಾಯಿತು. ಆದರೂ ಪಡಸಾಲೆಯ ಮಬ್ಬು ಬೆಳಕಿನಲ್ಲಿ ಚಿತ್ರ ತೆಗೆಯುವುದು ಬಹುಕಾಲ ಕಷ್ಟವಾಗಿಯೇ ಉಳಿಯಿತು. ಹಳೆಯ ಚಿತ್ರಗಳಲ್ಲಿ ಹಿರಿಯರು ಕುರ್ಚಿಯ ತೋಳನ್ನು ಬಿಗಿಹಿಡಿದು, ಮುಖವನ್ನು ಗಂಟಿಕ್ಕಿದಂತೆ ಕುಳಿತಿರುವುದನ್ನು ಅವರ ಸ್ವಭಾವದ ಗಾಂಭೀರ್ಯವೆಂದು ವರ್ಣಿಸುವುದು ವಾಡಿಕೆ. ಅದರಲ್ಲಿ ಸ್ವಭಾವದ ಪಾಲೆಷ್ಟೋ, ಅಲುಗಬಾರದೆಂಬ ಛಾಯಾಗ್ರಾಹಕನ ಆಜ್ಞೆಯ ಪಾಲೂ ಅಷ್ಟೇ ಇರಬಹುದು.

ಇಲ್ಲಿಯೇ ಒಂದು ಭೌಗೋಲಿಕ ಸಂಗತಿಯನ್ನು ಹೇಳಬೇಕು. ಚಿತ್ರಶಾಲೆಯ ಕಿಟಕಿಯು ಉತ್ತರಕ್ಕಿರಬೇಕು, ಉತ್ತರದ ಬೆಳಕಿನಲ್ಲಿ ನೇರ ಬಿಸಿಲು ಬೀಳದು, ನೆರಳು ಮೃದುವಾಗಿರುವುದು ಎಂಬುದು ಯುರೋಪಿನ ಗ್ರಂಥಗಳ ನಿಯಮ. ಲಂಡನ್ನಿಗೆ ಇದು ಒಪ್ಪತಕ್ಕ ಮಾತು. ಆದರೆ ಬಮ್ಮಿಗಟ್ಟಿಯು ಉತ್ತರ ಅಕ್ಷಾಂಶ 15 ಡಿಗ್ರಿಗಿಂತ ತುಸುವೇ ಮೇಲಿರುವ ಊರು. ಮೇ ತಿಂಗಳ ಮೊದಲ ವಾರದಿಂದ ಆಗಸ್ಟಿನ ಎರಡನೆಯ ವಾರದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ನಮ್ಮ ಲಗ್ನಸರಾಯಿಯ ಮುಖ್ಯ ತಿಂಗಳಾದ ಮೇ ಇದರಲ್ಲಿಯೇ ಬರುತ್ತದೆ. ಎಂದರೆ ಗ್ರಂಥದ ನಿಯಮವು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಕೈಕೊಡುತ್ತದೆ. ಅಂಥ ಕಿಟಕಿಗೆ ತೆಳುವಾದ ಬಿಳಿ ಬಟ್ಟೆಯ ಪರದೆ ಇಲ್ಲದೆ ಗತಿಯಿಲ್ಲ. ಮದುವೆಯ ಮನೆಯಲ್ಲಾದರೆ ಕಟ್ಟೆಯ ಅಂಚಿನ ನೆರಳಿನಲ್ಲಿ ಕೂಡಿಸಿ, ಎದುರಿನ ಸುಣ್ಣದ ಗೋಡೆಯಿಂದಲೋ ಹಿಡಿದ ಬಿಳಿ ಧೋತರದಿಂದಲೋ ತಿರುಗಿ ಬರುವ ಬೆಳಕನ್ನು ಮುಖಕ್ಕೆ ಕೊಡುವುದು ಉತ್ತಮ. ಹಳೆಯ ಗುಂಪುಚಿತ್ರಗಳಲ್ಲಿ ಹಿನ್ನೆಲೆಗೆ ಮನೆಯ ಮುಂಗಟ್ಟೆಯೇ ಪದೇ ಪದೇ ಕಾಣುವುದಕ್ಕೆ ಪ್ರತಿಷ್ಠೆಯು ಒಂದು ಕಾರಣವಾದರೆ ಈ ನೆರಳು ಇನ್ನೊಂದು.

ಕೆಂಪನ್ನು ಕಾಣದ ಫಲಕ

ಇನ್ನು ಬಣ್ಣದ ವಿಷಯ. ಮೊದಲಿನ ಫಲಕಗಳು ನೀಲಿ ಬೆಳಕನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದವು. ಜರ್ಮನಿಯ ಫೋಗೆಲ್ ಎಂಬ ವಿಜ್ಞಾನಿಯು 1873ರಲ್ಲಿ, ಕೆಲವು ರಂಗುಗಳನ್ನು ಸೇರಿಸಿದರೆ ಫಲಕವು ಹಸಿರು ಹಳದಿಗಳನ್ನೂ ಗ್ರಹಿಸುವುದೆಂದು ಕಂಡುಹಿಡಿದನು. ಕೆಂಪನ್ನೂ ಒಳಗೊಂಡು ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರಾಟಕ್ಕೆ ಬಂದುದು 1906ರಲ್ಲಿ. ಆಮೇಲೆಯೂ ಅಗ್ಗವಾದ ಹಳೆಯ ಬಗೆಯವು ಬಹುಕಾಲ ಬಳಕೆಯಲ್ಲಿದ್ದವು.

ಇದರ ಪರಿಣಾಮವನ್ನು ನಮ್ಮ ಮದುವೆಗೆ ಅನ್ವಯಿಸಿ ನೋಡೋಣ. ಇಳಕಲ್ಲ ಸೀರೆಯ ಟೋಪ್ ಸೆರಗು ಕೆಂಪು ನೆಲದ ಮೇಲೆ ಬಿಳಿಯ ತೆನೆಯುಳ್ಳದ್ದು. ಕೆಂಪನ್ನು ಕಾಣದ ಫಲಕದಲ್ಲಿ ಆ ನೆಲವು ಕಪ್ಪಾಗಿ, ತೆನೆಯೊಂದೇ ಎದ್ದು ತೋರುತ್ತದೆ. ಹಣೆಯ ಕುಂಕುಮವು ಕರಿಯ ಬೊಟ್ಟಾಗುತ್ತದೆ. ನೀಲಿಯನ್ನಷ್ಟೇ ಗ್ರಹಿಸುವ ಫಲಕದಲ್ಲಿ ಅರಿಷಿಣ ಹಚ್ಚಿದ ಮುಖವು ಇದ್ದುದಕ್ಕಿಂತ ಕಂದಾಗುತ್ತದೆ. ಕಲಘಟಗಿಯ ಪ್ರಸಿದ್ಧವಾದ ಬಣ್ಣದ ತೊಟ್ಟಿಲಿನ ಮುಂದೆ ಮಗುವಿನ ಚಿತ್ರ ತೆಗೆದರೂ ಅರಗಿನ ಕೆಂಪು ಮಸಿಯಂತೆ ಮೂಡುತ್ತದೆ. ಹೀಗಿರಲಾಗಿ, ಹಳೆಯ ಚಿತ್ರವೊಂದನ್ನು ಹಿಡಿದು ಮದುಮಗಳು ಕರಿಯ ಸೀರೆ ಉಟ್ಟಿದ್ದಳೆಂದೋ, ಇವರ ಮೈಬಣ್ಣ ಇಂಥದೆಂದೋ ಬರೆಯುವುದು ಸಾಹಸದ ಮಾತು. ಮೈಬಣ್ಣದಿಂದ ಜನರನ್ನು ವಿಂಗಡಿಸಹೊರಟ ಹತ್ತೊಂಬತ್ತನೆಯ ಶತಮಾನದ ಚಿತ್ರಸಂಪುಟಗಳನ್ನು ಓದುವಾಗಲೂ ಈ ಎಚ್ಚರ ಅಗತ್ಯ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ, ಭಾರತದ ಜನರನ್ನು ಕುರಿತ ಸರಕಾರಿ ಗ್ರಂಥದ ಚಿತ್ರಗಳು ಫೋಗೆಲನ ಸುಧಾರಣೆಯ ಪ್ರಯೋಜನವಿಲ್ಲದ ಫಲಕಗಳಿಂದ ಬಂದವು.

ಗೋಧೂಳಿಯ ಮುಹೂರ್ತ ಮತ್ತು ಕೃತಕ ಬೆಳಕು

ನಮ್ಮ ಭಾಗದ ಮದುವೆಗಳಲ್ಲಿ ಗೋಧೂಳಿ ಮುಹೂರ್ತಕ್ಕೆ ವಿಶೇಷ ಮನ್ನಣೆಯುಂಟು. ದನಗಳು ಮನೆಗೆ ಮರಳುವ ಹೊತ್ತು, ಎಂದರೆ ಬೆಳಕು ನಿಮಿಷ ನಿಮಿಷಕ್ಕೂ ಕುಗ್ಗುವ ಹೊತ್ತು. ಅಕ್ಕಿಕಾಳು ಬೀಳುವ ಕ್ಷಣಕ್ಕೆ ಹಂದರದೊಳಗೆ ಕತ್ತಲೆ ಕವಿದಿರುತ್ತದೆ. ಹಿಲಾಲಿನ ಬೆಳಕೂ ಆ ಮೇಲಿನ ಗ್ಯಾಸ್ ಬತ್ತಿಯ ಬೆಳಕೂ ಮೆರವಣಿಗೆಗೆ ಸಾಕಾದವು, ಚಿತ್ರಕ್ಕೆ ಸಾಲಲಿಲ್ಲ.

ಮೆಗ್ನೀಸಿಯಮ್ ಪುಡಿಯನ್ನು ಪೊಟ್ಯಾಸಿಯಮ್ ಕ್ಲೋರೇಟಿನೊಡನೆ ಬೆರೆಸಿ ಒಮ್ಮೆಲೆ ಉರಿಸುವ ವಿಧಾನವನ್ನು ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು 1887ರಲ್ಲಿ ರೂಪಿಸಿದರು. ಅದರ ಹೊಗೆ ದಟ್ಟ, ಕಿಡಿ ಅಪಾಯಕರ. ಒಣಗಿದ ತಪ್ಪಲು ಹೊದಿಸಿದ ಹಂದರದ ಕೆಳಗೆ ಅದನ್ನು ಹೊತ್ತಿಸುವುದು ಎಂಥ ಗಂಡಾಂತರವೆಂಬುದನ್ನು ವಿವರಿಸಬೇಕಾಗಿಲ್ಲ. ಗಾಜಿನ ಬುರುಡೆಯೊಳಗೆ ಲೋಹದ ಹಾಳೆಯನ್ನು ಉರಿಸುವ ಬಲ್ಬು 1929ರಲ್ಲಿ ಜರ್ಮನಿಯಲ್ಲಿ ಬಂದಿತು. ಅದು ಹೊಗೆಯನ್ನು ನೀಗಿಸಿತಾದರೂ ಒಂದು ಬಲ್ಬಿನಿಂದ ಒಂದೇ ಚಿತ್ರ. ಅದೇ ವರ್ಷ ಬಂದ ರೋಲೈಫ್ಲೆಕ್ಸ್ ಮಾದರಿಯ ಎರಡು ಮಸೂರಗಳ ಕ್ಯಾಮೆರಾವೂ, ತರುವಾಯ ಅದೇ ಬಗೆಯ ಯಾಶಿಕಾವೂ ಮದುವೆಯ ಛಾಯಾಗ್ರಾಹಕರ ಮೆಚ್ಚಿನ ಸಾಧನಗಳಾದವು. ಇವುಗಳಲ್ಲಿ 120 ಅಳತೆಯ ಒಂದು ಸುರುಳಿಗೆ 12 ಚೌಕ ಚಿತ್ರಗಳು.

ಈ ಹನ್ನೆರಡು ಎಂಬ ಸಂಖ್ಯೆಯು ಇತಿಹಾಸಕಾರನಿಗೆ ಬಹಳ ಮುಖ್ಯವಾದುದು. ಒಂದು ಸುರುಳಿ, ಹನ್ನೆರಡು ಬಲ್ಬು ಎಂದಾದಾಗ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಲೆಕ್ಕಾಚಾರದ ಮಾತಾಗುತ್ತದೆ. ಅಕ್ಕಿಕಾಳು, ತಾಳಿ, ಬೀಗರ ಗುಂಪು ಇವು ಉಳಿಯುತ್ತವೆ. ಹೆಂಗಸರೇ ಮುಂದಾಗಿ ನಡೆಸುವ ಸುರಗಿ, ಅರಿಷಿಣ ಹಚ್ಚುವುದು, ಬೀಸುವ ಕಲ್ಲಿನ ಪೂಜೆ ಮುಂತಾದವು ಸುರುಳಿಯ ಹೊರಗೆ ಉಳಿಯುತ್ತವೆ. ಅವು ಚಿತ್ರದಲ್ಲಿ ಇಲ್ಲವೆಂದ ಮಾತ್ರಕ್ಕೆ ಮದುವೆಯಲ್ಲಿ ಗೌಣವಾಗಿದ್ದವೆಂದು ತಿಳಿಯಲಾಗದು.

ಇದಕ್ಕಿಂತಲೂ ಗಹನವಾದ ಇನ್ನೊಂದು ಸಂಗತಿಯಿದೆ. ಒಂದೇ ದೀಪದಿಂದ ಹೊರಟ ಬೆಳಕು ದೂರದ ವರ್ಗಕ್ಕೆ ಅನುಸಾರವಾಗಿ ಕ್ಷೀಣಿಸುತ್ತದೆ. ಕ್ಯಾಮೆರಾದ ಮೇಲಿನ ಮಿಂಚುದೀಪದಿಂದ 6 ಅಡಿಯ ಮೇಲಿರುವವನಿಗೆ ಬೀಳುವ ಬೆಳಕಿನ ಕಾಲುಭಾಗವಷ್ಟೇ 12 ಅಡಿಯ ಮೇಲಿರುವವನಿಗೆ ದೊರೆಯುತ್ತದೆ. 18 ಅಡಿಯ ಮೇಲಿರುವವನಿಗೆ ಒಂಬತ್ತನೆಯ ಒಂದು ಪಾಲು ಮಾತ್ರ. ಮದುಮಕ್ಕಳ ಮುಖಕ್ಕೆ ಸರಿಯಾಗಿ ಮಸೂರವನ್ನು ಹೊಂದಿಸಿದರೆ ಹಿಂದಿನವರು ಕತ್ತಲೆಯಲ್ಲಿ ಕರಗಿಹೋಗುತ್ತಾರೆ. ಹಾಗೆ ಹಿಂದೆ ನಿಲ್ಲುತ್ತಿದ್ದವರು ಯಾರು? ಬಾಗಿಲ ಮರೆಯಲ್ಲಿ ನಿಂತ ಹೆಂಗಸರು, ವಾಲಗದವರು, ಅಡಿಗೆಯವರು, ಆಳುಮಕ್ಕಳು, ಹಂದರದ ಹೊರಗೇ ನಿಲ್ಲಬೇಕಾಗಿದ್ದ ಜನ. ಸಮಾಜವು ಯಾರನ್ನು ದೂರವಿಟ್ಟಿತೋ ಅವರನ್ನೇ ದೀಪವೂ ಅಳಿಸಿತು. ಛಾಯಾಗ್ರಾಹಕನಲ್ಲಿ ಯಾವ ದುರುದ್ದೇಶವೂ ಇಲ್ಲದಿದ್ದಾಗಲೂ ಹೀಗಾಯಿತು. ಎರಡನೆಯ ದೀಪವೊಂದನ್ನು ಬದಿಯಲ್ಲಿ ಎತ್ತರಕ್ಕೆ ಹಿಡಿಸಿದ್ದರೆ ಅವರೂ ಕಾಣುತ್ತಿದ್ದರು. ಆದರೆ ಎರಡನೆಯ ದೀಪಕ್ಕೆ ಹಣ ಕೊಡುವವರು ಮುಂದಿನ ಸಾಲಿನವರೇ ಆಗಿದ್ದರು.

ಮೊಗ್ಗಿನ ಜಡೆಯ ಚಿತ್ರ

ಚಿತ್ರಶಾಲೆಯ ಕುಶಲತೆಗೆ ಒಳ್ಳೆಯ ನಿದರ್ಶನ ಮೊಗ್ಗಿನ ಜಡೆಯ ಚಿತ್ರ. ಕುಬಸದ ಬಸುರಿಗೋ ಹಬ್ಬದ ಹುಡುಗಿಗೋ ಮೊಗ್ಗಿನ ಜಡೆ ಹೆಣೆದು, ಹಿಂದೆ ಕನ್ನಡಿಯಿಟ್ಟು, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುವ ಪದ್ಧತಿ ಕರ್ನಾಟಕದಲ್ಲೆಲ್ಲ ಇತ್ತು. ಬೆಳಕು ಬಿದ್ದ ಕೋನದಲ್ಲಿಯೇ ಕನ್ನಡಿಯಿಂದ ಮರಳುವುದರಿಂದ ದೀಪವನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟರೆ ಅದರ ಹೊಳಪೇ ಚಿತ್ರವನ್ನು ಕೆಡಿಸುತ್ತದೆ. ಆದ್ದರಿಂದ ಕನ್ನಡಿಯನ್ನು ಓರೆಯಾಗಿರಿಸಿ, ಮುಖಕ್ಕೊಂದು, ಬೆನ್ನಿಗೊಂದು ಎಂದು ದೀಪಗಳನ್ನು ಇಕ್ಕೆಲದಲ್ಲಿ ಬೇರೆ ಬೇರೆ ಇಡಬೇಕು. ಕನ್ನಡಿಯೊಳಗಿನ ಜಡೆಯು ಮುಖಕ್ಕಿಂತ ದೂರವಾದುದರಿಂದ ಎರಡೂ ಸ್ಪಷ್ಟವಾಗಲು ಮಸೂರದ ರಂಧ್ರವನ್ನು ಕಿರಿದುಗೊಳಿಸಬೇಕು; ರಂಧ್ರ ಕಿರಿದಾದಷ್ಟೂ ಹೆಚ್ಚು ಬೆಳಕು ಬೇಕು. ಇಷ್ಟೆಲ್ಲ ಕ್ಷೇತ್ರಗಣಿತವು ನಮ್ಮ ಸಣ್ಣ ಪೇಟೆಗಳ ಛಾಯಾಗ್ರಾಹಕರಿಗೆ ಕೈವಶವಾಗಿತ್ತೆಂಬುದನ್ನು ಆ ಚಿತ್ರಗಳೇ ಸಾರುತ್ತವೆ.

ವಿದ್ಯುತ್ತು, ಸುರುಳಿ ಮತ್ತು ಆಮೇಲಿನ ಬದಲಾವಣೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಧಾರವಾಡವು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮೈಸೂರು ವಿದ್ಯುಚ್ಛಕ್ತಿ ಮಂಡಲಿಯೂ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮವೂ ಸ್ಥಾಪಿತವಾದವು. ಹಳ್ಳಿಗಳಿಗೆ ತಂತಿ ಬಂದ ಮೇಲೆ ಹಂದರದಲ್ಲಿ ಸತತವಾಗಿ ಉರಿಯುವ ದೀಪ ಸಾಧ್ಯವಾಯಿತು. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರಖಾನೆಯು 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದರ ‘ಇಂದು’ ಮುದ್ರೆಯ ಸುರುಳಿ ಮತ್ತು ಕಾಗದಗಳಿಂದ ಕಪ್ಪು ಬಿಳುಪಿನ ಚಿತ್ರಕ್ಕೆ ದೇಶೀಯ ಸಾಮಗ್ರಿ ಒದಗಿತು. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವುಳ್ಳ ಮತದಾರ ಚೀಟಿಗೆ ಆದೇಶಿಸಿದಾಗ, ಮದುವೆಯ ಗುಂಪಿನಲ್ಲಿ ಎಂದೂ ಬೆಳಕು ಕಾಣದವರೂ ಕ್ಯಾಮೆರಾದ ಎದುರಿಗೆ ಸಮಾನವಾಗಿ ಕೂಡುವಂತಾಯಿತು. ಅಚ್ಚುಕಟ್ಟಿಲ್ಲದ ಆ ಸಣ್ಣ ಚಿತ್ರವೇ ಅನೇಕರ ಮೊದಲ ಭಾವಚಿತ್ರವಾಗಿರಬೇಕು.

ಇಂದು ಡಿಜಿಟಲ್ ಕ್ಯಾಮೆರಾ ಮಂದ ಬೆಳಕನ್ನೂ ಗ್ರಹಿಸುತ್ತದೆ. ಎಲ್‌ಇಡಿ ದೀಪವು ಬ್ಯಾಟರಿಯಿಂದ ಉರಿಯುತ್ತದೆ. ಚಿತ್ರಗಳ ಸಂಖ್ಯೆಗೆ ಮಿತಿಯಿಲ್ಲ. ಆದರೆ ಹಳೆಯ ಸುರುಳಿಗಳು ಕಣ್ಮರೆಯಾಗುತ್ತಿವೆ. ಅಂಗಡಿ ಮುಚ್ಚಿದಾಗ ನೆಗೆಟಿವುಗಳು ಕಸವಾಗುತ್ತವೆ. ಗೆದ್ದಲೂ ಮಳೆಗಾಲದ ತೇವವೂ ಉಳಿದುದನ್ನು ತಿನ್ನುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿ ತಾಲೂಕಿನಲ್ಲಿ ಈ ತೇವದ ಬಾಧೆ ಬಯಲುಸೀಮೆಗಿಂತ ಹೆಚ್ಚು. ಹೀಗೆ ನಾಶವಾಗುವ ಒಂದೊಂದು ನೆಗೆಟಿವೂ ಬೇರೆ ಪ್ರತಿಯಿಲ್ಲದ ದಾಖಲೆ.

ಆದ್ದರಿಂದ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸವನ್ನು ಕೈಕೊಳ್ಳಬೇಕೆಂದು ಸೂಚಿಸುತ್ತೇವೆ. ಮನೆಯ ಹಿರಿಯರ ಅನುಮತಿ ಪಡೆದು ಚಿತ್ರಗಳ ಮುಂದನ್ನೂ ಹಿಂದನ್ನೂ ಪ್ರತಿ ಮಾಡಿಕೊಳ್ಳಲಿ. ಯಾರ ಮದುವೆ, ಯಾವ ವರ್ಷ, ಮುಹೂರ್ತವು ಹಗಲೋ ಗೋಧೂಳಿಯೋ, ಊರಿಗೆ ವಿದ್ಯುತ್ತು ಬಂದಿತ್ತೋ ಇಲ್ಲವೋ ಎಂಬುದನ್ನು ಕೇಳಿ ಬರೆದಿಡಲಿ. ಕಣ್ಣಿನ ಕೆಳಗಿನ ನೆರಳನ್ನು ನೋಡಿ ಬೆಳಕಿನ ದಿಕ್ಕನ್ನು ಗುರುತಿಸಲಿ. ಕೊನೆಗೆ, ಹಿಂದಿನ ಕತ್ತಲೆಯಲ್ಲಿ ನಿಂತವರು ಯಾರೆಂದು ಅಜ್ಜಿಯರನ್ನು ಕೇಳಲಿ. ಚಿತ್ರವು ಹೇಳದ ಹೆಸರುಗಳನ್ನು ಅವರು ಇನ್ನೂ ಹೇಳಬಲ್ಲರು. ಹತ್ತು ವರ್ಷಗಳ ನಂತರ ಹೇಳುವವರು ಉಳಿದಿರಲಾರರು.