ಬರೆದಿಟ್ಟ ಬದಲಾವಣೆ, ಅಳೆದ ಕಾಲ: ಎಕ್ಸ್‌ಝಡ್ ಪ್ರಕರಣದ ಒಂದು ಪರಿಶೀಲನೆ

ಇತಿಹಾಸಕಾರನ ಮುಂದೆ ಬರುವ ಆಧಾರಗಳು ಎರಡು ಬಗೆಯವು. ಹೇಳಬೇಕೆಂಬ ಉದ್ದೇಶದಿಂದಲೇ ಒಬ್ಬನು ಬರೆಸಿಟ್ಟದ್ದು ಒಂದು. ಹೇಳುವ ಉದ್ದೇಶವೇ ಇಲ್ಲದೆ ಉಳಿದುಬಂದದ್ದು ಇನ್ನೊಂದು. ಪಶ್ಚಿಮ ಗಂಗರ ಹೆಸರಿನಲ್ಲಿ ದೊರೆತ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದಾಗ ಅವರು ಆಶ್ರಯಿಸಿದ್ದು ಶಾಸನದ ಒಕ್ಕಣೆಯನ್ನಲ್ಲ. ಅಕ್ಷರಗಳ ರೂಪ, ತಿಥಿವಾರಗಳ ಹೊಂದಾಣಿಕೆ ಮುಂತಾದ, ಬರೆದವನ ಎಚ್ಚರಕ್ಕೆ ಸಿಕ್ಕದೆ ಉಳಿದ ಸಂಗತಿಗಳನ್ನು. ಅವರ ತೀರ್ಪುಗಳನ್ನು ರೈಸರು ಒಪ್ಪಲಿಲ್ಲವೆಂಬುದು ಬೇರೆಯ ಮಾತು. ವಿಚಾರದ ಕ್ರಮವಂತೂ ಸರಿಯಾದುದೇ ಆಗಿದೆ.

ಈ ಕ್ರಮವನ್ನು ಪ್ರಾಚೀನ ವಸ್ತುಗಳಿಗೆ ಮಾತ್ರ ಮೀಸಲಿಡಬೇಕಾದ ಕಾರಣವಿಲ್ಲ. ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶವು ಇಂದು ಬಹುಮಟ್ಟಿಗೆ ಅಂತರ್ಜಾಲದ ಮೇಲಿನ ಭಂಡಾರಗಳಲ್ಲಿ, ದೂರದೂರದ ಜನರ ಕೈಯಿಂದ, ಸಣ್ಣ ಸಣ್ಣ ಬದಲಾವಣೆಗಳ ಮೂಲಕ ಬೆಳೆಯುತ್ತದೆ. ಪ್ರತಿಯೊಂದು ಬದಲಾವಣೆಗೂ ಒಂದು ದಾಖಲೆಯುಂಟು: ಯಾರು ಮಾಡಿದರು, ಎಂದು ಮಾಡಿದರು, ಏಕೆ ಮಾಡಿದರು. ಇಷ್ಟು ಸಮಗ್ರವಾದ ದಾಖಲೆ ಯಾವ ರಾಜ್ಯದ ಇತಿಹಾಸಕ್ಕೂ ಒದಗಿಲ್ಲವೆಂದು ಹೇಳಬಹುದು. ಆದರೂ ಕ್ರಿ.ಶ. ೨೦೨೪ರ ಮಾರ್ಚಿಯಲ್ಲಿ ಈ ದಾಖಲೆಯು ಹೇಳದ ಒಂದು ಸಂಗತಿಯನ್ನು ಅರ್ಧ ಸೆಕೆಂಡಿನ ವಿಳಂಬವು ಹೇಳಿತು. ಆ ಪ್ರಕರಣವನ್ನು ಅದರ ಪೂರ್ವಕಥೆಯೊಡನೆ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬದಲಾವಣೆಗಳನ್ನು ದಾಖಲಿಸುವ ಕ್ರಮ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಪಷ್ಟವಾದ ರೂಪವನ್ನು ತಾಳಿತು. ೧೯೭೨ರಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ಅಲ್ಲಿ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಪ್ರೋಗ್ರಾಮಿನ ಪ್ರತಿಯೊಂದು ಆವೃತ್ತಿಯನ್ನೂ ಇಡಿಯಾಗಿ ಕೂಡಿಡುವ ಬದಲು ಎರಡು ಆವೃತ್ತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಇಡುವುದು ಇದರ ತತ್ತ್ವ. ಎರಡು ಪಾಠಗಳನ್ನು ಸಾಲುಸಾಲಾಗಿ ಹೋಲಿಸಿ ಭೇದವನ್ನು ತೋರಿಸುವ ‘ಡಿಫ್’ ಎಂಬ ಉಪಕರಣವು ೧೯೭೪ರ ಯೂನಿಕ್ಸ್ ಆವೃತ್ತಿಯೊಡನೆ ಹೊರಬಂದಿತು; ಹಂಟ್ ಮತ್ತು ಮೆಕಿಲ್‌ರಾಯ್ ಅವರು ಅದರ ಗಣಿತವನ್ನು ೧೯೭೬ರಲ್ಲಿ ವಿವರಿಸಿದರು. ಹಸ್ತಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರಗಳನ್ನು ಗುರುತುಹಾಕಿದ ಅನುಭವವುಳ್ಳವರಿಗೆ ಈ ಕೆಲಸದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ೧೯೮೨ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ವಾಲ್ಟರ್ ಟಿಖಿ ಅವರು ಆರ್‌ಸಿಎಸ್ ಎಂಬ ವ್ಯವಸ್ಥೆಯಲ್ಲಿ ಕ್ರಮವನ್ನು ತಿರುಗಿಸಿ, ಕೊನೆಯ ಆವೃತ್ತಿಯನ್ನು ಪೂರ್ಣವಾಗಿಯೂ ಹಳೆಯವನ್ನು ಹಿಮ್ಮುಖ ವ್ಯತ್ಯಾಸಗಳಾಗಿಯೂ ಇಟ್ಟರು. ಜನರು ಹೆಚ್ಚಾಗಿ ಕೇಳುವುದು ಈಚಿನ ಪ್ರತಿಯನ್ನೇ ಅಲ್ಲವೆ? ೧೯೮೫ರಲ್ಲಿ ಲ್ಯಾರಿ ವಾಲ್ ರಚಿಸಿದ ‘ಪ್ಯಾಚ್’ ಬಂದಮೇಲೆ ವ್ಯತ್ಯಾಸವನ್ನಷ್ಟೇ ಅಂಚೆಯಲ್ಲಿ ಕಳುಹಿಸಿ ದೂರದವರ ಪ್ರತಿಯನ್ನು ತಿದ್ದುವುದು ಸಾಧ್ಯವಾಯಿತು.

೨೦೦೫ರ ಏಪ್ರಿಲಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಕೆಲಸಕ್ಕಾಗಿ ಗಿಟ್ ಎಂಬುದನ್ನು ರಚಿಸಿದರು. ಇದರಲ್ಲಿ ಪ್ರತಿಯೊಂದು ಬದಲಾವಣೆಯ ಹೆಸರು ಅದರ ಒಳವಸ್ತುವಿನಿಂದಲೂ ಹಿಂದಿನ ಬದಲಾವಣೆಯ ಹೆಸರಿನಿಂದಲೂ ಲೆಕ್ಕಹಾಕಲ್ಪಡುತ್ತದೆ. ಹಳೆಯ ದಾಖಲೆಯಲ್ಲಿ ಒಂದಕ್ಷರವನ್ನು ತಿದ್ದಿದರೂ ಮುಂದಿನ ಹೆಸರುಗಳೆಲ್ಲವೂ ಬದಲಾಗಿ ಮೋಸವು ಹೊರಬೀಳುತ್ತದೆ. ೨೦೦೮ರಲ್ಲಿ ಆರಂಭವಾದ ಗಿಟ್‌ಹಬ್ ಈ ಭಂಡಾರಗಳನ್ನು ಅಂತರ್ಜಾಲದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ತೆರೆದಿಟ್ಟಿತು. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಗಿಟ್ಟಿನ ದಾಖಲೆಯು ಬರೆದದ್ದನ್ನು ಅಳಿಸಗೊಡುವುದಿಲ್ಲ, ನಿಜ. ಬರೆದದ್ದು ಸತ್ಯವೆಂದು ಅದು ಹೇಳುವುದೂ ಇಲ್ಲ. ಕರ್ತೃವಿನ ಹೆಸರು, ಕಾಲ, ಕಾರಣ ಇವು ಮೂರೂ ಬರೆಯುವವನೇ ಕೊಟ್ಟುವು. ತಾಮ್ರಪಟವು ಭದ್ರವಾಗಿದ್ದ ಮಾತ್ರಕ್ಕೆ ದಾನವು ನಡೆದಿತ್ತೆಂದಾಗದು.

ಕಾಲವನ್ನು ಅಳೆಯುವ ಪರಂಪರೆಯು ಇದಕ್ಕೆ ಸಮಾನಾಂತರವಾಗಿ, ಬಹುಕಾಲ ಇದರ ಸಂಪರ್ಕವಿಲ್ಲದೆಯೇ ಬೆಳೆಯಿತು. ಡೊನಾಲ್ಡ್ ಕ್ನೂತ್ ಅವರು ೧೯೭೧ರಲ್ಲಿ ಪ್ರಕಟಿಸಿದ ಫೋರ್ಟ್ರಾನ್ ಪ್ರೋಗ್ರಾಮುಗಳ ಅಧ್ಯಯನದಲ್ಲಿ, ಸಾಮಾನ್ಯವಾಗಿ ಪ್ರೋಗ್ರಾಮಿನ ಶೇಕಡ ೪ಕ್ಕಿಂತ ಕಡಿಮೆ ಭಾಗವೇ ಒಟ್ಟು ಕಾಲದ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತದೆಂದು ಕಂಡುಬಂದಿತು. ಆ ಭಾಗ ಯಾವುದೆಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ತಿಳಿಯಬೇಕೆಂಬುದು ಅವರ ಅಭಿಪ್ರಾಯ. ೧೯೮೨ರಲ್ಲಿ ಬರ್ಕ್ಲಿಯ ಗ್ರಹಾಂ, ಕೆಸ್ಲರ್ ಮತ್ತು ಮೆಕ್‌ಕ್ಯೂಸಿಕ್ ಅವರು ವಿವರಿಸಿದ ‘ಜಿಪ್ರೊಫ್’ ಎಂಬ ಉಪಕರಣವು ಒಂದು ಭಾಗ ವ್ಯಯಿಸಿದ ಕಾಲವನ್ನು ಅದನ್ನು ಕರೆದ ಭಾಗದ ಲೆಕ್ಕಕ್ಕೂ ಸೇರಿಸಿ ತೋರಿಸಿತು.

ಎರಡು ಪರಂಪರೆಗಳೂ ಕೂಡಿದಾಗ ಆಗುವ ಲಾಭವು ಗಿಟ್ಟಿನ ‘ಬೈಸೆಕ್ಟ್’ ಎಂಬ ಅಂಗದಿಂದ ವೇದ್ಯವಾಗುತ್ತದೆ. ಸಾವಿರ ಬದಲಾವಣೆಗಳ ನಡುವೆ ಎಲ್ಲಿಯೋ ಪ್ರೋಗ್ರಾಮು ನಿಧಾನವಾಯಿತೆನ್ನೋಣ. ನಟ್ಟನಡುವಿನ ಆವೃತ್ತಿಯನ್ನು ಅಳೆದು ನೋಡಿದರೆ ಅರ್ಧದಷ್ಟನ್ನು ಬಿಟ್ಟುಬಿಡಬಹುದು. ಹೀಗೆ ಹತ್ತು ಅಳತೆಗಳಲ್ಲಿ ತಪ್ಪಿತಸ್ಥ ಬದಲಾವಣೆಯೇ ಕೈಗೆ ಸಿಕ್ಕುತ್ತದೆ. ಬದಲಾವಣೆಯು ಚಿಕ್ಕದಾಗಿದ್ದಷ್ಟೂ ದೋಷದ ಸ್ಥಾನವು ನಿಖರವಾಗುತ್ತದೆ. ಚಿಕ್ಕ ಬದಲಾವಣೆಯ ಪಕ್ಷವನ್ನು ಹಿಡಿಯುವವರು ಕೊಡುವ ಕಾರಣಗಳಲ್ಲಿ ಇದೇ ಮುಖ್ಯವಾದುದೆಂದು ನಮ್ಮ ಮತ. ಆದರೆ ದೋಷವು ದಾಖಲೆಯೊಳಗೇ ಇದೆಯೆಂಬ ನಂಬಿಕೆ ಇದರ ತಳಹದಿ.

ಈ ನಂಬಿಕೆಯನ್ನು ಅಲುಗಿಸಿದ ಪ್ರಕರಣಕ್ಕೆ ಈಗ ಬರೋಣ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಒತ್ತಿ ಕಿರಿದುಗೊಳಿಸುವ ಒಂದು ತಂತ್ರಾಂಶ. ಲಿನಕ್ಸ್ ಇರುವೆಡೆಯಲ್ಲೆಲ್ಲ ಬಹುಶಃ ಇದೂ ಇದೆ. ಇದನ್ನು ಹಲವು ವರ್ಷಗಳಿಂದ ಫಿನ್‌ಲೆಂಡಿನ ಲಾಸ್ಸೆ ಕೊಲ್ಲಿನ್ ಎಂಬವರು ಸಂಬಳವಿಲ್ಲದ ಹವ್ಯಾಸವಾಗಿ ನೋಡಿಕೊಂಡು ಬಂದಿದ್ದರು. ೨೦೨೧ರ ಅಕ್ಟೋಬರಿನಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಿಂದ ಅವರಿಗೆ ಮೊದಲ ತಿದ್ದುಪಡಿ ಬಂದಿತು. ಅದು ತೀರ ಸಾಧಾರಣವಾದುದು. ಅನಂತರ ಇನ್ನೊಂದು, ಮತ್ತೊಂದು. ೨೦೨೨ರಲ್ಲಿ ಬೇರೆ ಕೆಲವು ಅಪರಿಚಿತ ಹೆಸರುಗಳು ಕಾಣಿಸಿಕೊಂಡು, ಕೆಲಸ ನಿಧಾನವಾಯಿತು, ಹೊಸ ನಿರ್ವಾಹಕರು ಬೇಕು ಎಂದು ಕೊಲ್ಲಿನ್ನರನ್ನು ಪೀಡಿಸತೊಡಗಿದುವು. ೨೦೨೩ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಹೊರತರುವ ಅಧಿಕಾರವು ಜಿಯಾ ಟಾನನ ಕೈಸೇರಿತ್ತು. ಆ ವೇಳೆಗೆ ಆ ಹೆಸರಿನಲ್ಲಿ ನೂರಾರು ಬದಲಾವಣೆಗಳು ದಾಖಲಾಗಿದ್ದುವು. ಅವುಗಳಲ್ಲಿ ಬಹುಪಾಲು ನಿರ್ದುಷ್ಟವೂ ಉಪಯುಕ್ತವೂ ಆದುವು. ವಿಶ್ವಾಸವನ್ನು ಸಹ ಕಂತುಕಂತಾಗಿ ಗಳಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೨೦೨೪ರ ಫೆಬ್ರವರಿ ೨೪ರಂದು ೫.೬.೦ ಎಂಬ ಆವೃತ್ತಿಯೂ ಮಾರ್ಚಿ ೯ರಂದು ೫.೬.೧ ಎಂಬುದೂ ಬಿಡುಗಡೆಯಾದುವು. ಇವುಗಳಲ್ಲಿ ಒಂದು ಹಿಂಬಾಗಿಲು ಅಡಗಿತ್ತು. ಡೆಬಿಯನ್ ಮೊದಲಾದ ಕೆಲವು ವಿತರಣೆಗಳಲ್ಲಿ, ದೂರದಿಂದ ಕಂಪ್ಯೂಟರನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಸೇವೆಯು ಇನ್ನೊಂದು ಗ್ರಂಥಾಲಯದ ಮೂಲಕ ಪರೋಕ್ಷವಾಗಿ ಎಕ್ಸ್‌ಝಡ್‌ನ ಕೋಡನ್ನೂ ತನ್ನೊಳಕ್ಕೆ ಎಳೆದುಕೊಳ್ಳುತ್ತಿತ್ತು. ಆ ಸಂಧಿಯನ್ನು ಹಿಡಿದು, ಒಂದು ನಿರ್ದಿಷ್ಟ ಗುಪ್ತ ಕೀಲಿಯುಳ್ಳವನು ಗುರುತನ್ನು ಸ್ಥಾಪಿಸದೆಯೇ ಅಂತಹ ಯಂತ್ರದಲ್ಲಿ ತನ್ನ ಆಜ್ಞೆಗಳನ್ನು ನಡೆಸಬಹುದಾಗಿತ್ತು. ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಇದು ಹರಡಿದ್ದರೆ ಪ್ರಪಂಚದ ಅಸಂಖ್ಯಾತ ಸರ್ವರುಗಳ ಬಾಗಿಲು ಒಬ್ಬನ ವಶವಾಗುತ್ತಿತ್ತು.

ಇನ್ನು ದಾಖಲೆಯನ್ನು ನೋಡೋಣ. ಹಿಂಬಾಗಿಲಿನ ದೇಹವು ಭಂಡಾರದಲ್ಲಿಯೇ ಇತ್ತು. ಆದರೆ ಪರೀಕ್ಷೆಗಾಗಿ ಇಟ್ಟ ಕಡತಗಳ ವೇಷದಲ್ಲಿ, ಓದಲಾಗದ ದ್ವ್ಯಂಕ ರೂಪದಲ್ಲಿ. ಅದನ್ನು ಹೊರತೆಗೆದು ಜೋಡಿಸುವ ಸಾಲುಗಳಾದರೋ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಯ ಕಟ್ಟನ್ನು ಸಿದ್ಧಪಡಿಸುವಾಗ ಮಾತ್ರ ಅವನ್ನು ಒಳಗೆ ಸೇರಿಸಲಾಗಿತ್ತು. ಆದುದರಿಂದ ಗಿಟ್‌ಹಬ್‌ನಲ್ಲಿ ಬದಲಾವಣೆಗಳನ್ನು ಒಂದೊಂದಾಗಿ ಶ್ರದ್ಧೆಯಿಂದ ಓದಿದವನಿಗೂ ಅವು ದೊರೆಯುತ್ತಿರಲಿಲ್ಲ. ಇದಕ್ಕಿಂತ ವಿಸ್ಮಯಕರವಾದುದು ಫೆಬ್ರವರಿ ೨೬ರ ಒಂದು ಬದಲಾವಣೆ. ರಕ್ಷಣಾವ್ಯವಸ್ಥೆಯೊಂದು ಯಂತ್ರದಲ್ಲಿ ಲಭ್ಯವಿದೆಯೇ ಎಂದು ನೋಡುವ ಪುಟ್ಟ ಪರೀಕ್ಷಾ ಪ್ರೋಗ್ರಾಮಿನಲ್ಲಿ, ಒಂದು ಸಾಲಿನ ಆರಂಭದಲ್ಲಿ, ಒಂದೇ ಒಂದು ಚುಕ್ಕೆಯನ್ನು ಇಡಲಾಗಿತ್ತು. ಚುಕ್ಕೆಯಿಂದ ಪರೀಕ್ಷೆ ವಿಫಲವಾಗುತ್ತದೆ; ವಿಫಲವಾದುದರಿಂದ ಆ ರಕ್ಷಣೆ ಇಲ್ಲವೆಂದು ತೀರ್ಮಾನವಾಗುತ್ತದೆ. ದಾಖಲೆಯಲ್ಲಿ ಬರೆದ ಕಾರಣ ಮಾತ್ರ, ಈ ಪರೀಕ್ಷೆಯನ್ನು ಸರಿಪಡಿಸಲಾಗಿದೆ ಎಂಬುದು! ಈ ಬದಲಾವಣೆಯು ದಾಖಲೆಯಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತು. ಕೊಲ್ಲಿನ್ನರು ಅದನ್ನು ಕಂಡು ತೆಗೆದುಹಾಕಿದ್ದು ಗುಟ್ಟು ರಟ್ಟಾದ ಮೇಲೆ.

ಗುಟ್ಟು ರಟ್ಟಾದ ಬಗೆ ಹೀಗೆ. ಆಂಡ್ರೆಸ್ ಫ್ರಾಯಿಂಡ್ ಅವರು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶವನ್ನು ಬೆಳೆಸುತ್ತಿರುವವರಲ್ಲಿ ಒಬ್ಬರು; ಮೈಕ್ರೋಸಾಫ್ಟಿನ ಉದ್ಯೋಗಿ. ಎಕ್ಸ್‌ಝಡ್‌ಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ತಮ್ಮ ಕೆಲಸದ ಸೂಕ್ಷ್ಮ ವೇಗಪರೀಕ್ಷೆಗಾಗಿ ಅವರಿಗೆ ಬೇರಾವ ಸದ್ದೂ ಇಲ್ಲದ ಯಂತ್ರ ಬೇಕಾಗಿತ್ತು. ಆಗ, ತಪ್ಪು ಹೆಸರಿನಿಂದ ಬಂದು ಕೂಡಲೇ ತಿರಸ್ಕೃತವಾಗುತ್ತಿದ್ದ ಎಸ್‌ಎಸ್‌ಎಚ್ ಪ್ರಯತ್ನಗಳು ಸಹ ವಿಪರೀತವಾಗಿ ಯಂತ್ರದ ಶಕ್ತಿಯನ್ನು ತಿನ್ನುತ್ತಿರುವುದು ಅವರ ಗಮನಕ್ಕೆ ಬಂದಿತು. ಅಳೆದು ನೋಡಲಾಗಿ, ಮೊದಲು ೦.೨೯೯ ಸೆಕೆಂಡು ಹಿಡಿಯುತ್ತಿದ್ದ ಕೆಲಸಕ್ಕೆ ಈಗ ೦.೮೦೭ ಸೆಕೆಂಡು. ಕಾಲವು ಎಲ್ಲಿ ವ್ಯಯವಾಗುತ್ತಿದೆ ಎಂದು ಶೋಧಿಸಿದರೆ ಎಕ್ಸ್‌ಝಡ್‌ನ ಗ್ರಂಥಾಲಯದೊಳಗೆ. ಆದರೆ ಅಲ್ಲಿಯ ಯಾವ ಹೆಸರಿನ ಭಾಗದಲ್ಲಿ ಎಂಬುದಕ್ಕೆ ಉಪಕರಣವು ಉತ್ತರ ಕೊಡಲಿಲ್ಲ. ಹೆಸರಿಲ್ಲದ ಕೋಡು ಕಾಲವನ್ನು ತಿನ್ನುತ್ತಿತ್ತು. ಕೆಲವು ವಾರಗಳ ಹಿಂದೆ ಸ್ವಯಂಚಾಲಿತ ಪರೀಕ್ಷೆಯೊಂದರಲ್ಲಿ, ಸ್ಮೃತಿಯ ಬಳಕೆಯನ್ನು ತಪಾಸಿಸುವ ವ್ಯಾಲ್‌ಗ್ರಿಂಡ್ ಎಂಬ ಉಪಕರಣವು ಕೊಟ್ಟಿದ್ದ ವಿಚಿತ್ರ ದೂರು ಅವರಿಗೆ ಆಗ ನೆನಪಾಯಿತು. ಮಾರ್ಚಿ ೨೯ರಂದು ಅವರು ಎಲ್ಲವನ್ನೂ ಬಹಿರಂಗಪಡಿಸಿದರು. ವಿತರಣೆಗಳು ಆ ಆವೃತ್ತಿಗಳನ್ನು ಹಿಂದೆಗೆದುಕೊಂಡುವು. ಗಿಟ್‌ಹಬ್ ಆ ಭಂಡಾರವನ್ನು ಕೆಲಕಾಲ ಮುಚ್ಚಿತು.

ಇದು ಕೇವಲ ಅದೃಷ್ಟವೆಂದು ಹೇಳಿದವರುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸಾಧಾರಣ ಬಳಕೆಯಲ್ಲಿ ಅರ್ಧ ಸೆಕೆಂಡನ್ನು ಯಾರು ತಾನೆ ಲೆಕ್ಕಿಸುತ್ತಾರೆ? ಆದರೆ ಈ ವಾದವನ್ನು ಪೂರ್ಣವಾಗಿ ಒಪ್ಪಲು ಎರಡು ಸಂಗತಿಗಳು ಅಡ್ಡಬರುತ್ತವೆ. ೨೦೨೩ರ ಜುಲೈಯಲ್ಲಿಯೇ ಜಿಯಾ ಟಾನ್, ಎಕ್ಸ್‌ಝಡ್‌ನ್ನು ಸತತವಾಗಿ ಪರೀಕ್ಷಿಸುತ್ತಿದ್ದ ಗೂಗಲಿನ ಸಾರ್ವಜನಿಕ ವ್ಯವಸ್ಥೆಯೊಂದರಲ್ಲಿ, ಮುಂದೆ ಹಿಂಬಾಗಿಲಿಗೆ ಆಸರೆಯಾದ ಸೌಕರ್ಯವನ್ನು ಪರೀಕ್ಷೆಯ ವೇಳೆ ಕೈಬಿಡುವಂತೆ ಬದಲಾವಣೆ ಮಾಡಿಸಿದ್ದನು. ಅಲ್ಲದೆ ೫.೬.೧ ಆವೃತ್ತಿಯ ಒಂದು ಪ್ರಯೋಜನವೇ ಮೇಲೆ ಹೇಳಿದ ವ್ಯಾಲ್‌ಗ್ರಿಂಡ್ ದೂರನ್ನು ಅಡಗಿಸುವುದಾಗಿತ್ತು. ಅಂದರೆ, ಬದಲಾವಣೆಗಳ ದಾಖಲೆಯನ್ನು ಓದುವವರಿಗಿಂತ ಹೆಚ್ಚಾಗಿ ಅಳೆಯುವ ಯಂತ್ರಗಳಿಗೆ ಆ ವ್ಯಕ್ತಿ ಅಂಜಿದ್ದನೆಂದು ತೋರುತ್ತದೆ. ಬರಹವನ್ನು ಅವನು ತನಗೆ ಬೇಕಾದಂತೆ ಬರೆಯಬಲ್ಲವನಾಗಿದ್ದನು. ಆದರೆ ಪ್ರತಿ ಸಲವೂ ಪ್ರಾರಂಭದಲ್ಲಿ ತನಗೆ ಬೇಕಾದ ಸಂಕೇತಗಳನ್ನು ಹುಡುಕಿ ತೆಗೆಯದೆ ಹಿಂಬಾಗಿಲು ಕೆಲಸ ಮಾಡದು; ಹುಡುಕಿದರೆ ಕಾಲ ಹಿಡಿಯದೆ ಇರದು.

ಜಿಯಾ ಟಾನ್ ಯಾರು, ಒಬ್ಬನೋ ಹಲವರೋ ಎಂಬುದು ಸಿದ್ಧಪಟ್ಟಿಲ್ಲ. ಆ ಹೆಸರಿನ ಬದಲಾವಣೆಗಳಲ್ಲಿ ಬಹುಪಾಲು ಪೂರ್ವ ಏಷ್ಯದ ಕಾಲಮಾನವನ್ನು ಹೊತ್ತಿವೆ. ಕೆಲವೇ ಕೆಲವು ಪೂರ್ವ ಯೂರೋಪಿನ ಕಾಲಮಾನವನ್ನು. ಕೈತಪ್ಪಿನಿಂದ ನಿಜವಾದ ಗಡಿಯಾರವು ಹೊರಬಿದ್ದಿದೆಯೆಂದು ಕೆಲವರು ಊಹಿಸಿದ್ದಾರೆ. ಊಹೆ ಆಕರ್ಷಕವಾಗಿದೆ. ಆದರೆ ಕಾಲಮಾನವೂ ಬರೆಯುವವನು ಬೇಕಾದಂತೆ ಇಡಬಹುದಾದ ಅಂಶವೇ ಆದುದರಿಂದ, ಅದನ್ನು ಅನುದ್ದಿಷ್ಟ ಸಾಕ್ಷ್ಯವೆಂದು ಎಣಿಸಲು ನಾವು ಸಿದ್ಧರಿಲ್ಲ. ಕೊಲ್ಲಿನ್ನರು ಹಳೆಯ ಬದಲಾವಣೆಗಳನ್ನು ಪುನಃ ಪರಿಶೀಲಿಸಿ, ಹಿಂಬಾಗಿಲನ್ನು ತೆಗೆದುಹಾಕಿದ ೫.೬.೨ ಆವೃತ್ತಿಯನ್ನು ೨೦೨೪ರ ಮೇ ೨೯ರಂದು ಬಿಡುಗಡೆ ಮಾಡಿದರು. ಜಿಯಾ ಟಾನನ ಹೆಸರಿನ ನಿರ್ದುಷ್ಟ ಬದಲಾವಣೆಗಳು ಅದರಲ್ಲಿ ಇನ್ನೂ ಉಳಿದಿವೆ.