ಸೆಕೆಂಡ್ ಹ್ಯಾಂಡ್ ಕಾರು: ಕೇಳಿದ ಬೆಲೆಗೆ ತಕ್ಕದ್ದಾ? ಅಡ್ವಾನ್ಸ್ ಕೊಡುವ ಮೊದಲು ಹೀಗೆ ಲೆಕ್ಕ ಹಾಕಿ

"ಸಿಂಗಲ್ ಓನರ್ ಸಾರ್, ಒಂದು ಗೀರಿಲ್ಲ. ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಅಡ್ವಾನ್ಸ್ ಕೊಟ್ಟುಬಿಡಿ."

ಹಳೆ ಕಾರು ನೋಡಲು ಹೋದವರೆಲ್ಲ ಈ ಮಾತು ಕೇಳಿರುತ್ತಾರೆ. ಅಂಗಡಿಯ ಉಳಿತಾಯವೋ, ಬೆಳೆ ಮಾರಿದ ದುಡ್ಡೋ, ಚೀಟಿ ಎತ್ತಿದ ಹಣವೋ ಹಾಕಿ ತಂದ ಗಾಡಿ ಮೂರೇ ತಿಂಗಳಿಗೆ ಗ್ಯಾರೇಜ್ ಸೇರಿದರೆ ಕೇಳುವವರಿಲ್ಲ. ಮಾರುವವರು ಹೇಳುವ ಬೆಲೆ ಬೇರೆ, ಗಾಡಿ ನೆಟ್ಟಗೆ ರಸ್ತೆಗಿಳಿಯುವ ಹೊತ್ತಿಗೆ ಕೊಳ್ಳುವವರಿಗೆ ಬೀಳುವ ಬೆಲೆ ಬೇರೆ. ಲೆಕ್ಕ ಹಾಕಬೇಕಾದದ್ದು ಎರಡನೆಯದನ್ನು.

ಮೊದಲು ಕಾಗದ, ಆಮೇಲೆ ಕಾರು

ಆರ್‌ಸಿ ಕೈಗೆ ತಗೊಂಡು ಚಾಸಿ ನಂಬರ್, ಇಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿರುವುದರ ಜೊತೆ ತಾಳೆ ನೋಡಿ. ನಂತರ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ವಿಮೆ ಎಲ್ಲಿಯವರೆಗಿದೆ ಮುಂತಾದ ವಿವರ ಸಿಗುತ್ತದೆ. ಎಷ್ಟನೇ ಮಾಲೀಕರು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬಾಯಲ್ಲಿ "ಸಿಂಗಲ್ ಓನರ್", ದಾಖಲೆಯಲ್ಲಿ ಮೂರನೇ ಓನರ್ ಅಂತಿದ್ದರೆ ಅಲ್ಲಿಂದಲೇ ಎದ್ದು ಬರಬಹುದು.

ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಬೇಕೇ ಬೇಕು. ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಜೊತೆಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕೂಡ ಕಟ್ಟಬೇಕಾಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂದುಕೊಂಡ ಗಾಡಿ ದುಬಾರಿಯಾಗುವುದು ಹೆಚ್ಚಾಗಿ ಇಲ್ಲೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 13-14 ವರ್ಷದ ಗಾಡಿಯಾದರೆ ಮರುನೋಂದಣಿ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.

ಮೀಟರ್ ನಂಬಬೇಡಿ, ಗುರುತು ನಂಬಿ

ಮನೆ ಬಳಕೆಯ ಕಾರು ವರ್ಷಕ್ಕೆ 10-12 ಸಾವಿರ ಕಿ.ಮೀ. ಓಡುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಎಂಟು ವರ್ಷದ ಗಾಡಿಯ ಮೀಟರ್ 35 ಸಾವಿರ ತೋರಿಸುತ್ತಿದ್ದು, ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ಸ್ಟೇರಿಂಗ್ ನುಣ್ಣಗಾಗಿದ್ದರೆ ಮೀಟರ್ ತಿರುಗಿಸಿರಬಹುದು. ಸರ್ವೀಸ್ ಬಿಲ್‌ಗಳಲ್ಲಿ ಬರೆದ ಕಿ.ಮೀ. ಜೊತೆ ಹೋಲಿಸಿ.

ಗಾಡಿಯನ್ನು ಬೆಳಿಗ್ಗೆ, ಹಗಲು ಬೆಳಕಲ್ಲೇ, ಇಂಜಿನ್ ತಣ್ಣಗಿದ್ದಾಗಲೇ ನೋಡಿ. ನೋಡಬೇಕಾದ ಗುರುತುಗಳಿವು:

• ಹೊಗೆ: ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೇರುತ್ತಿರುವ ಅನುಮಾನ.
• ಆಯಿಲ್ ಮುಚ್ಚಳ: ಒಳಗೆ ಹಾಲು ಬೆರೆತ ಕಾಫಿ ಬಣ್ಣದ ಲೋಳೆ ಕಂಡರೆ ಮೆಕ್ಯಾನಿಕ್ ನೋಡಿ ಸರಿ ಅನ್ನುವವರೆಗೆ ಮಾತು ಮುಂದುವರಿಸಬೇಡಿ.
• ಕ್ಲಚ್: ಏರಿನಲ್ಲಿ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಎಳೆಯಲ್ಲ ಅಂದರೆ ಕ್ಲಚ್ ಮುಗಿದಿದೆ.
• ಟೈರ್: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಪಟ್ಟಿಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು.
• ಆಕ್ಸಿಡೆಂಟ್: ಬಾನೆಟ್, ಬಾಗಿಲುಗಳ ಸಂದು ಒಂದೇ ಸಮ ಇದೆಯೇ, ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿದ ಗುರುತಿದೆಯೇ ನೋಡಿ.
• ನೆರೆ ನೀರು: ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ತುದಿಯಲ್ಲಿ ಮಣ್ಣಿನ ಕಲೆ, ಸೀಟಿನಡಿ ತುಕ್ಕು, ಮುಗ್ಗಲು ವಾಸನೆ ಇದ್ದರೆ ನೀರಲ್ಲಿ ಮುಳುಗಿದ ಗಾಡಿ ಇರಬಹುದು.

ಕೊನೆಗೆ ಮಾರುವವರಿಗೆ ಪರಿಚಯ ಇಲ್ಲದ ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಅವರಿಗೆ ಕೊಡುವ ಸಣ್ಣ ಕೂಲಿ ದಂಡವಲ್ಲ.

ಬೆಲೆ ಕೂಡುವ ಲೆಕ್ಕ

ವಿಮೆಯ ಕಾಗದದಲ್ಲಿ ಐಡಿವಿ ಎಂಬ ಮೊತ್ತ ಇರುತ್ತದೆ. ವಾಡಿಕೆಯ ಪಟ್ಟಿ ಪ್ರಕಾರ ಕಂಪನಿ ಬೆಲೆಯಲ್ಲಿ 2-3 ವರ್ಷದ ಗಾಡಿಗೆ ಶೇ. 30, 3-4 ವರ್ಷಕ್ಕೆ ಶೇ. 40, 4-5 ವರ್ಷಕ್ಕೆ ಶೇ. 50 ಕಳೆಯುತ್ತಾರೆ. ಇದು ಮಾರುಕಟ್ಟೆ ಬೆಲೆಯಲ್ಲ. ಬೇಡಿಕೆಯ ಮಾಡೆಲ್‌ಗಳು ಇದಕ್ಕಿಂತ ಹೆಚ್ಚಿಗೆ ಹೋಗುತ್ತವೆ. ಆದರೆ ಮಾತುಕತೆ ಶುರು ಮಾಡಲು ಒಂದು ಆಧಾರ. ಅದೇ ಮಾಡೆಲ್, ಅದೇ ವರ್ಷದ ನಾಲ್ಕೈದು ಗಾಡಿಗಳ ಬೆಲೆಯನ್ನೂ ವಿಚಾರಿಸಿ.

ಉದಾಹರಣೆಗೆ, ನಾಲ್ಕೂವರೆ ವರ್ಷದ ಕಾರಿಗೆ 4,10,000 ರೂ. ಕೇಳುತ್ತಿದ್ದಾರೆ ಎಂದುಕೊಳ್ಳಿ. ಟೈರ್‌ಗೆ 18,000, ಕ್ಲಚ್‌ಗೆ 9,000, ಸಸ್ಪೆನ್ಷನ್ ಕೆಲಸಕ್ಕೆ 8,000, ವಿಮೆಗೆ 10,000 ಅಂತ ಅಂದಾಜು ಬಂದರೆ ಒಟ್ಟು 45,000. ಅಲ್ಲಿಗೆ ಗಾಡಿಯ ನಿಜವಾದ ಬೆಲೆ 4,55,000. ಅಷ್ಟೇ ದುಡ್ಡಿಗೆ ಖರ್ಚಿಲ್ಲದ ಗಾಡಿ ಬೇರೆ ಕಡೆ ಸಿಗುತ್ತಾ? ಸಿಗುತ್ತೆ ಅಂದರೆ ಕೇಳಿದ ಬೆಲೆ ಜಾಸ್ತಿ. ಖರ್ಚಿನ ಪಟ್ಟಿ ಮುಂದಿಟ್ಟೇ ಚೌಕಾಸಿ ಮಾಡಿ. ಒಂದು ನೆನಪಿರಲಿ: ವಿಮೆಯ ನೋ ಕ್ಲೇಮ್ ಬೋನಸ್ ಮಾಲೀಕರದ್ದು, ಗಾಡಿ ಜೊತೆ ಬರುವುದಿಲ್ಲ.

ಹೆಸರು ಬದಲಾವಣೆ ಬಾಕಿ ಇಡಬೇಡಿ

ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಡುವ ಅಭ್ಯಾಸ ಎಲ್ಲ ಕಡೆ ಇದೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಲು ಕೊಂಡವರಿಗೆ 14 ದಿನ. ಅದು ಆಗದಿದ್ದರೆ ಗಾಡಿಗೆ ಆದ ಡ್ಯಾಮೇಜ್‌ಗೆ ಕ್ಲೇಮ್ ಸಿಗುವುದು ಕಷ್ಟ.

ಮಾರಿದವರಿಗೂ ಇದು ಮುಖ್ಯ. ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪೊಂದರಲ್ಲಿ ಹೇಳಿದೆ. ಆದ್ದರಿಂದ ಹಣವನ್ನು ಬ್ಯಾಂಕ್ ಮೂಲಕ ಕೊಡಿ. ಗಾಡಿ ಒಪ್ಪಿಸಿದ ದಿನಾಂಕ, ಸಮಯ ಬರೆದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

"ಇನ್ನೊಂದು ಪಾರ್ಟಿ" ನಾಳೆ ಬಂದರೆ ಬರಲಿ. ಲೆಕ್ಕಕ್ಕೆ ಕೂರದ ಗಾಡಿ ಕೈತಪ್ಪಿದರೆ ನಷ್ಟವೇನೂ ಇಲ್ಲ.